ಮತ ಹಾಕಿದಷ್ಟೂ ಮುಗಿಯದ ಚುನಾವಣೆ: ಭದ್ರತಾ ಮಂಡಳಿಯ ಸ್ಥಾನದ ಕಗ್ಗಂಟು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಚುನಾವಣೆ ನಡೆದಾಗಲೆಲ್ಲ ಸ್ನೇಹಿತರು, ವಿದ್ಯಾರ್ಥಿಗಳು, ಪತ್ರ ಬರೆಯುವ ಓದುಗರು ಹೆಚ್ಚೂಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು, ಸರಳವಾದವುಗಳಿಂದ ಸಿಕ್ಕಾದವುಗಳ ಕಡೆಗೆ ಜೋಡಿಸಿದ್ದೇನೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಉತ್ತರ ಪೂರ್ತಿ ಸಿಗುತ್ತದೆ.

ಮೊದಲ ತಿಳಿವಳಿಕೆಗೆ

ಭದ್ರತಾ ಮಂಡಳಿ ಎಂದರೆ ಐದು ದೊಡ್ಡ ದೇಶಗಳು ತಾನೇ? ಅಲ್ಲಿ ಚುನಾವಣೆ ಎಲ್ಲಿಂದ ಬಂತು?

ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಕಾಯಂ ಸದಸ್ಯರು. ಅವರನ್ನು ಯಾರೂ ಆರಿಸುವುದಿಲ್ಲ, ಇಳಿಸುವುದೂ ಇಲ್ಲ. ಆದರೆ ಮಂಡಳಿಯಲ್ಲಿರುವುದು ಒಟ್ಟು 15 ಸ್ಥಾನ. ಉಳಿದ ಹತ್ತಕ್ಕೆ ಎರಡು ವರ್ಷದ ಅವಧಿಗೆ ಚುನಾವಣೆ ನಡೆಯುತ್ತದೆ, ವರ್ಷಕ್ಕೆ ಐದರಂತೆ. ಮೊದಲು ಮಂಡಳಿಯಲ್ಲಿ 11 ಸ್ಥಾನಗಳಷ್ಟೇ ಇದ್ದವು. ವಿಶ್ವಸಂಸ್ಥೆಯ ಮೂಲ ಒಪ್ಪಂದವಾದ ಸನ್ನದಿಗೆ 1963ರಲ್ಲಿ ಒಪ್ಪಿದ ತಿದ್ದುಪಡಿ 1965ರಲ್ಲಿ ಜಾರಿಗೆ ಬಂದ ಮೇಲೆ ಅವು 15 ಆದವು.

ಹತ್ತು ಸ್ಥಾನಗಳನ್ನು ಪ್ರದೇಶವಾರು ಹಂಚಲಾಗಿದೆ. ಆಫ್ರಿಕಾ ಮತ್ತು ಏಷ್ಯಾಕ್ಕೆ ಸೇರಿ ಐದು, ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳಿಗೆ ಎರಡು, ಪಶ್ಚಿಮ ಯುರೋಪ್ ಮತ್ತು ಇತರರ ಗುಂಪಿಗೆ ಎರಡು, ಪೂರ್ವ ಯುರೋಪಿಗೆ ಒಂದು.

ಮತ ಹಾಕುವವರು ಯಾರು? ಗೆಲ್ಲಲು ಎಷ್ಟು ಮತ ಬೇಕು?

ವಿಶ್ವಸಂಸ್ಥೆಯ ಮಹಾಸಭೆಯಲ್ಲಿರುವ 193 ದೇಶಗಳೂ ಮತ ಹಾಕಬಹುದು. ಸಂಸ್ಥೆಗೆ ಸಲ್ಲಬೇಕಾದ ವಂತಿಗೆಯನ್ನು ಬಹುಕಾಲ ಬಾಕಿ ಉಳಿಸಿಕೊಂಡು ಮತದ ಹಕ್ಕು ಕಳೆದುಕೊಂಡ ದೇಶಗಳು ಮಾತ್ರ ಇದಕ್ಕೆ ಹೊರತು. ದೇಶ ದೊಡ್ಡದಿರಲಿ ಚಿಕ್ಕದಿರಲಿ, ಮತ ಒಂದೇ. ಗೆಲ್ಲಲು, ಹಾಜರಿದ್ದು ಮತ ಹಾಕಿದ ದೇಶಗಳ ಮೂರನೇ ಎರಡರಷ್ಟು ಬೆಂಬಲ ಬೇಕು. ತಟಸ್ಥರನ್ನೂ ಅಸಿಂಧು ಮತಗಳನ್ನೂ ಲೆಕ್ಕದಿಂದ ಬಿಡಲಾಗುತ್ತದೆ. ಹೀಗಾಗಿ ಗೆಲುವಿನ ಗೆರೆ ಪ್ರತಿ ಸುತ್ತಿನಲ್ಲೂ ತುಸು ಮೇಲೆ ಕೆಳಗೆ ಆಗಬಹುದು. 193 ಮತಗಳೂ ಸಿಂಧುವಾದರೆ 129 ಬೇಕು, 192 ಆದರೆ 128 ಸಾಕು.

ಈ ಒಂದು ಮತದ ವ್ಯತ್ಯಾಸಕ್ಕೆ ಎಷ್ಟು ಬೆಲೆ ಎಂಬುದನ್ನು 2020ರ ಚುನಾವಣೆ ತೋರಿಸಿತು. ಐರ್ಲೆಂಡ್ ಸರಿಯಾಗಿ 128 ಮತ ಪಡೆದು ಮೊದಲ ಸುತ್ತಿನಲ್ಲೇ ಗೆದ್ದಿತು. ಒಂದು ಮತ ಕಡಿಮೆ ಬಿದ್ದಿದ್ದರೆ ಮತ್ತೊಂದು ಸುತ್ತು ಎದುರಿಸಬೇಕಿತ್ತು.

ಹೆಚ್ಚು ಮತ ಬಂದವರು ಗೆದ್ದರು ಎಂದು ಘೋಷಿಸಿ ಮನೆಗೆ ಹೋಗಬಾರದೇಕೆ?

ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ನನ್ನ ಅಭಿಪ್ರಾಯವನ್ನು ಇಲ್ಲೇ ನೇರವಾಗಿ ಹೇಳಿಬಿಡುತ್ತೇನೆ: ಮೂರನೇ ಎರಡರ ನಿಯಮವನ್ನು ಸಡಿಲಿಸಬಾರದು.

ಭದ್ರತಾ ಮಂಡಳಿ ತನ್ನ ಹೆಸರಿನಲ್ಲಿ ಮಾತ್ರ ತೀರ್ಮಾನ ಮಾಡುವ ಸಂಸ್ಥೆಯಲ್ಲ. ಸನ್ನದಿನ 25ನೇ ವಿಧಿಯಂತೆ ಅದರ ನಿರ್ಣಯಗಳಿಗೆ ಎಲ್ಲ ಸದಸ್ಯ ದೇಶಗಳೂ ಬದ್ಧ. ನಿರ್ಬಂಧ ಹೇರುವುದು, ಸೈನ್ಯ ಬಳಸಲು ಅನುಮತಿ ಕೊಡುವುದು ಅಲ್ಲಿಯೇ ಆಗುತ್ತದೆ. ಎಲ್ಲರ ಪರವಾಗಿ ಇಂಥ ತೀರ್ಮಾನ ಮಾಡುವ ದೇಶಕ್ಕೆ ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದರೆ ಸಾಲದು. ಜಗತ್ತಿನ ಮೂರನೇ ಒಂದಕ್ಕಿಂತ ಹೆಚ್ಚು ದೇಶಗಳು ಬೇಡ ಎನ್ನುತ್ತಿರುವಾಗ ಆ ಮಾತನ್ನು ಕೇಳಿಸಿಕೊಳ್ಳಲೇಬೇಕು. 193 ಮತಗಳಲ್ಲಿ 65 ದೇಶಗಳು ಒಟ್ಟಾಗಿ ನಿಂತರೆ ಯಾರ ಗೆಲುವನ್ನಾದರೂ ತಡೆಯಬಹುದು. ಐದು ಕಾಯಂ ಸದಸ್ಯರಿಗೆ ವಿಟೋ, ಅಂದರೆ ನಿರ್ಣಯವನ್ನು ಒಬ್ಬರೇ ತಡೆಯುವ ಹಕ್ಕು ಇದೆ. ಚಿಕ್ಕ ದೇಶಗಳಿಗೆ ವಿಟೋಗೆ ಹತ್ತಿರವಾದದ್ದು ಏನಾದರೂ ಇದ್ದರೆ ಇದೊಂದೇ.

ಕಗ್ಗಂಟು ಬಿದ್ದಾಗ ವ್ಯವಸ್ಥೆ ಕೈಕೊಟ್ಟಿತು ಎಂದು ಪತ್ರಿಕೆಗಳು ಬರೆಯುತ್ತವೆ. ನಿಯಮ ತಾನು ಮಾಡಬೇಕಾದ ಕೆಲಸವನ್ನು ಮಾಡುತ್ತಿದೆ ಎಂದೇ ನಾನು ಅದನ್ನು ಓದುತ್ತೇನೆ.

ಎರಡು ವರ್ಷದ ಸ್ಥಾನಕ್ಕೆ ಇಷ್ಟು ಜಿದ್ದೇ? ವಿಟೋ ಕೂಡ ಇಲ್ಲವಲ್ಲ?

ವಿಟೋ ಇಲ್ಲ, ನಿಜ. ಆದರೆ ಯಾವ ನಿರ್ಣಯಕ್ಕೂ ಒಂಬತ್ತು ಮತ ಬೇಕು. ಐದು ಕಾಯಂ ಸದಸ್ಯರು ಒಗ್ಗಟ್ಟಾದರೂ ಚುನಾಯಿತರಲ್ಲಿ ನಾಲ್ವರ ಬೆಂಬಲವಿಲ್ಲದೆ ಏನೂ ಮಾಡಲಾರರು. ಮಂಡಳಿಯ ಅಧ್ಯಕ್ಷತೆ ತಿಂಗಳಿಗೊಬ್ಬರಂತೆ ಸರದಿಯಲ್ಲಿ ಬರುತ್ತದೆ. ಮುಚ್ಚಿದ ಬಾಗಿಲ ಹಿಂದಿನ ಸಮಾಲೋಚನೆಗಳಲ್ಲಿ ಕೂರುವ ಅವಕಾಶ ಸಿಗುತ್ತದೆ. ಅವಧಿ ಮುಗಿಸಿದ ದೇಶ ಆ ಕೂಡಲೇ ಮರುಆಯ್ಕೆ ಬಯಸುವಂತಿಲ್ಲ. ಸರದಿ ತಪ್ಪಿದರೆ ಮುಂದಿನ ಅವಕಾಶಕ್ಕೆ ವರ್ಷಗಟ್ಟಲೆ ಕಾಯಬೇಕು.

ಎದುರಾಳಿಯೇ ಇಲ್ಲದಿದ್ದರೆ ಅವಿರೋಧ ಆಯ್ಕೆ ಎಂದು ಘೋಷಿಸುತ್ತಾರೆಯೇ?

ಇಲ್ಲ. ಒಂದು ಸ್ಥಾನಕ್ಕೆ ಒಂದೇ ದೇಶ ಕಣದಲ್ಲಿದ್ದರೂ ರಹಸ್ಯ ಮತದಾನ ನಡೆದು ಮೂರನೇ ಎರಡರಷ್ಟು ಮತ ಬರಲೇಬೇಕು. ಮಹಾಸಭೆಯ ಕಾರ್ಯವಿಧಾನದ 92ನೇ ನಿಯಮ ನಾಮಪತ್ರ ಸಲ್ಲಿಕೆಯನ್ನೇ ಒಪ್ಪುವುದಿಲ್ಲ. ಕಾಗದದ ಮೇಲೆ ಉಮೇದುವಾರರೇ ಇಲ್ಲದ ಚುನಾವಣೆ ಅದು. ಆಯಾ ಪ್ರದೇಶದ ಅರ್ಹ ದೇಶಗಳಲ್ಲಿ ಯಾವುದರ ಹೆಸರನ್ನಾದರೂ ಬರೆಯಬಹುದು. ಕಣದಲ್ಲೇ ಇಲ್ಲದ ದೇಶಕ್ಕೆ ಫಲಿತಾಂಶದಲ್ಲಿ ಆಗೀಗ ಒಂದು ಮತ ಕಾಣಿಸಿಕೊಳ್ಳುವುದು ಇದರಿಂದಲೇ.

ನಿಯಮದ ಒಳಹೊಕ್ಕು

ಮೊದಲ ಸುತ್ತಿನಲ್ಲಿ ಯಾರಿಗೂ ಸಾಕಷ್ಟು ಮತ ಬರದಿದ್ದರೆ ಮುಂದೇನು?

ಒಂದೇ ಸ್ಥಾನ ಉಳಿದಿದೆ ಎಂದಿಟ್ಟುಕೊಳ್ಳಿ. ಮೊದಲ ಸುತ್ತು ಮುಕ್ತ. ಅದರಲ್ಲಿ ಯಾರೂ ಗೆಲ್ಲದಿದ್ದರೆ ಅತಿ ಹೆಚ್ಚು ಮತ ಪಡೆದ ಇಬ್ಬರನ್ನು ಮಾತ್ರ ಉಳಿಸಿಕೊಂಡು ಮೂರು ಸುತ್ತು ನಡೆಸುತ್ತಾರೆ. ಇವು ನಿರ್ಬಂಧಿತ ಸುತ್ತುಗಳು, ಬೇರೆ ಹೆಸರು ಬರೆದರೆ ಮತ ಅಸಿಂಧು. ಆಗಲೂ ಇತ್ಯರ್ಥವಾಗದಿದ್ದರೆ ಬಾಗಿಲು ಮತ್ತೆ ತೆರೆಯುತ್ತದೆ. ಮುಂದಿನ ಮೂರು ಸುತ್ತುಗಳಲ್ಲಿ ಅರ್ಹವಾದ ಯಾವ ದೇಶಕ್ಕಾದರೂ ಮತ ಹಾಕಬಹುದು. ಅನಂತರ ಮತ್ತೆ ಮೂರು ನಿರ್ಬಂಧಿತ, ಮತ್ತೆ ಮೂರು ಮುಕ್ತ. ಒಂದು ದೇಶ ಗೆರೆ ದಾಟುವವರೆಗೂ ಇದೇ ಕ್ರಮ.

ಒಣಗಣಿತದಂತೆ ಕಾಣುವ ಈ ಏರ್ಪಾಟಿನಲ್ಲಿ ದೊಡ್ಡ ವಿವೇಕ ಅಡಗಿದೆ. ನಿರ್ಬಂಧಿತ ಸುತ್ತುಗಳು ಇಬ್ಬರ ನಿಜವಾದ ಬಲವನ್ನು ಬಯಲಿಗಿಡುತ್ತವೆ. ಮುಕ್ತ ಸುತ್ತುಗಳು ಮೂರನೆಯವರಿಗೆ ದಾರಿ ಬಿಡುತ್ತವೆ. ಲೆಕ್ಕ ಹಾಕಿ ನೋಡಿ: ಎರಡನೆಯಿಂದ ನಾಲ್ಕನೆಯ ಸುತ್ತು ನಿರ್ಬಂಧಿತ, ಐದರಿಂದ ಏಳು ಮುಕ್ತ, ಎಂಟರಿಂದ ಹತ್ತು ನಿರ್ಬಂಧಿತ. ಹೀಗೇ ಎಣಿಸುತ್ತಾ ಹೋದರೆ 2006ರಲ್ಲಿ ಪನಾಮ ಗೆದ್ದ 48ನೇ ಸುತ್ತೂ, 1980ರಲ್ಲಿ ಮೆಕ್ಸಿಕೊ ಗೆದ್ದ 155ನೇ ಸುತ್ತೂ ಮುಕ್ತ ಸುತ್ತುಗಳ ಲೆಕ್ಕಕ್ಕೇ ಬೀಳುತ್ತವೆ. ರಾಜಿ ಅಭ್ಯರ್ಥಿ ಒಳಗೆ ಬರಲು ಸಾಧ್ಯವಿದ್ದ ಬಾಗಿಲು ಅದೊಂದೇ.

ಇಬ್ಬರಿಗೂ ಸಮ ಮತ ಬಂದರೆ ಚೀಟಿ ಎತ್ತಬಹುದಲ್ಲ?

ಸರಳ ಬಹುಮತ ಸಾಕಾಗುವ ಚುನಾವಣೆಗಳಲ್ಲಿ ಎರಡನೇ ಸುತ್ತಿನಲ್ಲೂ ಮತ ಸಮವಾದರೆ ಅಧ್ಯಕ್ಷರು ಚೀಟಿ ಎತ್ತಿ ತೀರ್ಮಾನಿಸಬೇಕು ಎಂದು ನಿಯಮವೇ ಹೇಳುತ್ತದೆ. ಮೂರನೇ ಎರಡರಷ್ಟು ಬಹುಮತ ಬೇಕಾದ ಕಡೆ ಆ ದಾರಿ ಇಲ್ಲ. ಅಲ್ಲಿ ಸಮಬಲಕ್ಕೆ ವಿಶೇಷ ಅರ್ಥವೂ ಇಲ್ಲ: 95–95 ಬಂದರೂ 110–80 ಬಂದರೂ ಯಾರೂ ಗೆದ್ದಿಲ್ಲ ಎಂಬುದೇ ಫಲಿತಾಂಶ.

ಇಷ್ಟೇ ಸುತ್ತು ಎಂಬ ಮಿತಿ ಇಲ್ಲವೇ?

ಇಲ್ಲ. ಕೊನೆಯ ದಿನಾಂಕವನ್ನೂ ನಿಯಮ ಹೇಳುವುದಿಲ್ಲ. ಹೊಸ ಅವಧಿ ಜನವರಿ 1ಕ್ಕೆ ಆರಂಭವಾಗುತ್ತದೆ ಎಂಬುದೊಂದೇ ಒತ್ತಡ.

ಸಭಾಂಗಣದಲ್ಲಿ ನಿಜಕ್ಕೂ ಏನು ನಡೆಯುತ್ತದೆ? ಗುಂಡಿ ಒತ್ತುತ್ತಾರೆಯೇ?

ನಿರ್ಣಯಗಳಿಗೆ ಗುಂಡಿ, ಚುನಾವಣೆಗೆ ಕಾಗದ. ಪ್ರದೇಶವಾರು ಗುರುತಿನ ಅಕ್ಷರವಿರುವ ಮತಪತ್ರಗಳನ್ನು ಪ್ರತಿ ನಿಯೋಗದ ಮೇಜಿಗೂ ಹಂಚುತ್ತಾರೆ. ಪ್ರತಿನಿಧಿ ಅದರ ಮೇಲೆ ದೇಶದ ಹೆಸರನ್ನು ಕೈಯಾರೆ ಬರೆಯಬೇಕು. ಇರುವ ಸ್ಥಾನಕ್ಕಿಂತ ಹೆಚ್ಚು ಹೆಸರು ಬರೆದರೆ ಇಡೀ ಪತ್ರ ಅಸಿಂಧು. ಬೇರೆ ಬೇರೆ ನಿಯೋಗಗಳಿಂದ ಆರಿಸಿದ ಎಣಿಕೆದಾರರು ಮತಪತ್ರಗಳನ್ನು ಸಂಗ್ರಹಿಸಿ ಎಣಿಸುವವರೆಗೆ ಸಭೆಗೆ ವಿರಾಮ.

ವಿರಾಮ ಮುಗಿದ ಮೇಲೆ ಅಧ್ಯಕ್ಷರು ಒಂದೇ ಧಾಟಿಯಲ್ಲಿ ಓದುತ್ತಾರೆ: ಮತಪತ್ರಗಳ ಸಂಖ್ಯೆ ಇಷ್ಟು, ಅಸಿಂಧು ಇಷ್ಟು, ಸಿಂಧು ಇಷ್ಟು, ತಟಸ್ಥ ಇಷ್ಟು, ಮತ ಹಾಕಿದ ಸದಸ್ಯರು ಇಷ್ಟು, ಬೇಕಾದ ಬಹುಮತ ಇಷ್ಟು. ಕೊನೆಗೆ ದೇಶಗಳ ಹೆಸರು ಮತ್ತು ಮತ. ಬೇಕಾದ ಬಹುಮತ ಯಾರಿಗೂ ಬಂದಿಲ್ಲವಾದ್ದರಿಂದ ಮುಂದಿನ ಸುತ್ತಿಗೆ ಹೋಗೋಣ ಎಂಬ ಸಾಲು ಬಂದೊಡನೆ ಹೊಸ ಮತಪತ್ರ ಹಂಚುವುದು ಶುರು. 2006ರಲ್ಲಿ ಮೊದಲ ದಿನವೇ ಇದು ಹತ್ತು ಸಲ ನಡೆಯಿತು. ನಿಜವಾದ ಚುನಾವಣೆ ನಡೆಯುವುದು ಆ ವಿರಾಮಗಳಲ್ಲಿ. ಕುರ್ಚಿಗಳ ನಡುವಿನ ಓಣಿಯಲ್ಲಿ, ಸಭಾಂಗಣದ ಹೊರಗಿನ ಪಡಸಾಲೆಯಲ್ಲಿ ರಾಯಭಾರಿಗಳು ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿ ಮಾತನಾಡುತ್ತಾರೆ.

ಬರೆದುಕೊಟ್ಟ ಭರವಸೆಗಳಿದ್ದರೂ ಮತಗಳು ಎಲ್ಲಿ ಸೋರಿಹೋಗುತ್ತವೆ?

ಮತ ರಹಸ್ಯವಾದ್ದರಿಂದ ಮಾತು ಮುರಿದವರು ಯಾರೆಂದು ಖಚಿತವಾಗಿ ಹೇಳಲಾಗದು. ಪ್ರಚಾರ ನಡೆಸುವ ದೇಶಗಳು ಮೊದಲೇ ಬಾಯಿಮಾತಿನ ಭರವಸೆ ಬೇರೆ, ಲಿಖಿತ ಭರವಸೆ ಬೇರೆ ಎಂದು ಎರಡು ಪಟ್ಟಿ ಇಟ್ಟುಕೊಂಡು, ಎರಡರಿಂದಲೂ ಒಂದಿಷ್ಟು ಕಳೆದು ಲೆಕ್ಕ ಹಾಕುತ್ತವೆ. ಇನ್ನೊಂದು ಸೂಕ್ಷ್ಮವಿದೆ. ಮೊದಲ ಸುತ್ತಿಗೆ ಕೊಟ್ಟ ಮಾತು ಮೊದಲ ಸುತ್ತಿಗಷ್ಟೇ ಎಂದು ಅನೇಕ ರಾಜಧಾನಿಗಳು ತಿಳಿಯುತ್ತವೆ. ಮಾತಿನಂತೆ ಒಮ್ಮೆ ಮತ ಹಾಕಿದ ಮೇಲೆ ಅವು ಸ್ವತಂತ್ರ. ಎರಡನೇ ಸುತ್ತಿನ ಸೂಚನೆ ರಾಜಧಾನಿಯಿಂದ ಬಂದಿಲ್ಲದಿದ್ದರೆ ರಾಯಭಾರಿಯ ವಿವೇಚನೆಗೇ ತೂಕ ಬರುತ್ತದೆ.

ಈ ಗೋಪ್ಯತೆಯನ್ನು ದೂರುವವರಿದ್ದಾರೆ. ನಾನು ಅದರ ಪರ. ನೆರೆಯ ಬಲಿಷ್ಠ ದೇಶದ ಸಾಲ, ತೈಲ, ಸೈನಿಕ ನೆರವುಗಳಿಗೆ ಕಟ್ಟುಬಿದ್ದ ಪುಟ್ಟ ದೇಶವೊಂದು ಹೆದರದೆ ಮನಸ್ಸಿನಲ್ಲಿದ್ದುದನ್ನು ಬರೆಯುವುದು ಆ ಮತಪತ್ರದ ಮೇಲೆ ಮಾತ್ರ.

ನಡೆದುಹೋದ ಹಗ್ಗಜಗ್ಗಾಟಗಳು

155 ಸುತ್ತು ಎಂದರೆ ನಂಬಲಾಗುತ್ತಿಲ್ಲ. ಅಂದು ಆದದ್ದೇನು?

1979ರ ಅಕ್ಟೋಬರ್ 26ರಂದು ಲ್ಯಾಟಿನ್ ಅಮೆರಿಕದ ಒಂದು ಸ್ಥಾನಕ್ಕೆ ಕ್ಯೂಬಾ ಮತ್ತು ಕೊಲಂಬಿಯಾ ಎದುರುಬದುರಾದವು. ಮೊದಲ ಸುತ್ತಿನಲ್ಲಿ ಕ್ಯೂಬಾಗೆ 77, ಕೊಲಂಬಿಯಾಗೆ 68. ಕ್ಯೂಬಾ ಮುಂದಿತ್ತು, ಆದರೆ ಮೂರನೇ ಎರಡರಿಂದ ಬಹಳ ದೂರ.

ಕ್ಯೂಬಾದ ಬಲ ಎಲ್ಲಿತ್ತು? ಆ ಸೆಪ್ಟೆಂಬರ್‌ನಲ್ಲಷ್ಟೇ ಅಲಿಪ್ತ ದೇಶಗಳ ಶೃಂಗಸಭೆ ಹವಾನಾದಲ್ಲಿ ನಡೆದು, ಚಳವಳಿಯ ನಾಯಕತ್ವ ಕ್ಯೂಬಾ ಕೈಗೆ ಬಂದಿತ್ತು. ಅಮೆರಿಕ ಮತ್ತು ಅದರ ಮಿತ್ರರಿಗೆ ಕ್ಯೂಬಾ ಬೇಡವಾಗಿತ್ತು. ಅಂಗೋಲಾ ಮತ್ತು ಇಥಿಯೋಪಿಯಾದಲ್ಲಿದ್ದ ಕ್ಯೂಬಾ ಸೈನಿಕರು ಅವರ ಕಣ್ಣಿಗೆ ಮುಳ್ಳಾಗಿದ್ದರು. ಶೀತಲ ಸಮರದ ಇಡೀ ಒತ್ತಡ ಒಂದು ಸ್ಥಾನದ ಮೇಲೆ ಬಂದು ಕೂತಿತು. ನವೆಂಬರ್ ಕಳೆಯಿತು, ಡಿಸೆಂಬರ್ ಕಳೆಯುತ್ತಾ ಬಂತು. ಟೆಹ್ರಾನಿನಲ್ಲಿ ಅಮೆರಿಕದ ರಾಯಭಾರ ಸಿಬ್ಬಂದಿ ಒತ್ತೆಯಾಳುಗಳಾಗಿದ್ದರು, ಮಂಡಳಿಗೆ ಕೈತುಂಬ ಕೆಲಸವಿತ್ತು. ಇತ್ತ ಮಹಾಸಭೆ ಮತಪತ್ರ ಹಂಚುತ್ತಲೇ ಇತ್ತು.

ಗಂಟು ಸಡಿಲವಾದದ್ದು ನ್ಯೂಯಾರ್ಕ್‌ನಲ್ಲಲ್ಲ, ಕಾಬೂಲಿನಲ್ಲಿ. ಡಿಸೆಂಬರ್ ಕೊನೆಯಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಅಫ್ಘಾನಿಸ್ತಾನವೂ ಅಲಿಪ್ತ ದೇಶ. ಅಲಿಪ್ತ ಚಳವಳಿಯ ನಾಯಕನಾದ ಕ್ಯೂಬಾಗೆ ತನ್ನ ಪೋಷಕ ಮಾಸ್ಕೋವನ್ನು ಖಂಡಿಸುವ ಸ್ಥಿತಿ ಇರಲಿಲ್ಲ. ಅದರ ಬೆಂಬಲ ಅಲ್ಲಿಂದ ಮುಂದೆ ಕರಗಿತು. ಕೊನೆಗೆ ಇಬ್ಬರೂ ಹಿಂದೆ ಸರಿದು, 1980ರ ಜನವರಿ 7ರಂದು 155ನೇ ಸುತ್ತಿನಲ್ಲಿ ಮೆಕ್ಸಿಕೊ ಆಯ್ಕೆಯಾಯಿತು. 1946ರ ಬಳಿಕ ಮಂಡಳಿಯಲ್ಲಿ ಒಮ್ಮೆಯೂ ಕೂರದೆ ದೂರ ಉಳಿದಿದ್ದ ದೇಶ ಅದು. ಯಾರ ಕಣ್ಣಿಗೂ ಮುಳ್ಳಾಗದ ಹೆಸರು ಬೇಕಾದಾಗ ಆ ದೂರವೇ ಅದರ ಅರ್ಹತೆಯಾಯಿತು.

2006ರಲ್ಲಿ ವೆನೆಜುವೆಲಾ ಸೋತದ್ದು ಚಾವೆಸ್ ಭಾಷಣದಿಂದಲೇ?

ಭಾಷಣವೊಂದರಿಂದಲೇ ಎನ್ನುವುದು ಅವಸರದ ಮಾತು, ಆದರೆ ಅದು ನೋವು ಮಾಡಿದ್ದು ನಿಜ. ಸೆಪ್ಟೆಂಬರ್ 20ರಂದು ಅಧ್ಯಕ್ಷ ಹ್ಯೂಗೊ ಚಾವೆಸ್ ಮಹಾಸಭೆಯ ವೇದಿಕೆಯಿಂದ ಅಮೆರಿಕದ ಅಧ್ಯಕ್ಷರನ್ನು ಸೈತಾನ ಎಂದು ಕರೆದು, ಹಿಂದಿನ ದಿನ ಅವರು ನಿಂತಿದ್ದ ಜಾಗದಲ್ಲಿ ಇನ್ನೂ ಗಂಧಕದ ವಾಸನೆ ಬರುತ್ತಿದೆ ಎಂದರು. ತಿಂಗಳೊಳಗೆ, ಅಕ್ಟೋಬರ್ 16ರಂದು ಲ್ಯಾಟಿನ್ ಅಮೆರಿಕದ ಸ್ಥಾನಕ್ಕೆ ಮತದಾನ. ಮೊದಲ ಸುತ್ತಿನಲ್ಲಿ ಎದುರಾಳಿ ಗ್ವಾಟೆಮಾಲಾಗೆ 109, ವೆನೆಜುವೆಲಾಗೆ 76.

ಗ್ವಾಟೆಮಾಲಾದ ಬೆನ್ನಿಗೆ ಅಮೆರಿಕ ಬಹಿರಂಗವಾಗಿ ನಿಂತಿತ್ತು. ಕೆಲವರನ್ನು ಅದೇ ದೂರ ತಳ್ಳಿತು. ಬೆಲೀಜ್ ಮೇಲೆ ಗ್ವಾಟೆಮಾಲಾ ಹೊಂದಿರುವ ಹಳೆಯ ಭೂಪ್ರದೇಶದ ಹಕ್ಕೊತ್ತಾಯ ಕೆರಿಬಿಯನ್ ದ್ವೀಪಗಳಿಗೆ ಹಿಡಿಸುತ್ತಿರಲಿಲ್ಲ, ವೆನೆಜುವೆಲಾದ ರಿಯಾಯಿತಿ ತೈಲವೂ ಅವುಗಳ ನೆನಪಿನಲ್ಲಿತ್ತು. ಆರನೇ ಸುತ್ತಿನಲ್ಲಿ 93–93 ಸಮಬಲ. ಬಳಿಕ ಗ್ವಾಟೆಮಾಲಾ ಮತ್ತೆ ಮುಂದೆ ಬಂತು, ಆದರೆ ಗೆರೆ ಮುಟ್ಟಲಿಲ್ಲ. 47 ಸುತ್ತುಗಳಾದ ಮೇಲೆ ಎರಡೂ ದೇಶಗಳ ವಿದೇಶಾಂಗ ಸಚಿವರು, ಗ್ವಾಟೆಮಾಲಾದ ಗೆರ್ಟ್ ರೋಸೆಂಥಾಲ್ ಮತ್ತು ವೆನೆಜುವೆಲಾದ ನಿಕೊಲಾಸ್ ಮದುರೊ, ಈಕ್ವೆಡಾರ್ ರಾಯಭಾರಿಯ ಮಧ್ಯಸ್ಥಿಕೆಯಲ್ಲಿ ಕುಳಿತು ಪನಾಮದ ಹೆಸರಿಗೆ ಒಪ್ಪಿದರು. ನವೆಂಬರ್ 7ರಂದು 48ನೇ ಸುತ್ತಿನಲ್ಲಿ ಪನಾಮಕ್ಕೆ 164 ಮತ ಬಂತು.

ಬಲಿಷ್ಠ ದೇಶವೊಂದು ತನಗೆ ಬೇಡದವರನ್ನು ಇತರರ ಜೊತೆ ಸೇರಿ ತಡೆಯಬಹುದು, ಆದರೆ ಬೇಕಾದವರನ್ನು ಕೂರಿಸುವುದು ಅದರ ಕೈಯಲ್ಲಿಲ್ಲ. ಅಮೆರಿಕಕ್ಕೂ ಆ ಶರತ್ಕಾಲದಲ್ಲಿ ಅಷ್ಟೇ ಸಾಧ್ಯವಾಯಿತು.

ಒಂದು ವರ್ಷ ನೀನು, ಒಂದು ವರ್ಷ ನಾನು ಎಂದು ಹಂಚಿಕೊಳ್ಳಲು ಬರುವುದಿಲ್ಲವೇ?

ಬರುತ್ತದೆ, ಹಂಚಿಕೊಂಡಿದ್ದಾರೆ ಕೂಡ. 1955ರಲ್ಲಿ ಯುಗೊಸ್ಲಾವಿಯಾ ಮತ್ತು ಫಿಲಿಪ್ಪೀನ್ಸ್ 36 ಸುತ್ತುಗಳ ಬಳಿಕ 1956 ಮತ್ತು 1957ನ್ನು ಹಂಚಿಕೊಂಡವು. 1959ರಲ್ಲಿ ಪೋಲೆಂಡ್ ಮತ್ತು ಟರ್ಕಿ 52 ಸುತ್ತು ಹೋರಾಡಿ 1960 ಮತ್ತು 1961ನ್ನು ಹಂಚಿಕೊಂಡವು. ಮಂಡಳಿ 11 ಸದಸ್ಯರಷ್ಟೇ ಇದ್ದು, ಸ್ವತಂತ್ರವಾದ ಹೊಸ ದೇಶಗಳು ಒಂದೇ ಸಮನೆ ಬಂದು ಸೇರುತ್ತಿದ್ದ ಕಾಲ ಅದು. ಪೂರ್ವ ಯುರೋಪಿನದೆಂದು ಸೋವಿಯತ್ ಬಣ ನಂಬಿದ್ದ ಸ್ಥಾನಕ್ಕೆ ಬೇರೆಯವರೂ ಕೈಚಾಚುತ್ತಿದ್ದರು. ಮಂಡಳಿ ವಿಸ್ತಾರವಾಗಿ ಪ್ರದೇಶವಾರು ಹಂಚಿಕೆ ಗಟ್ಟಿಯಾದ ಮೇಲೆ ಈ ಪದ್ಧತಿ ಮರೆಯಾಯಿತು.

2016ರಲ್ಲಿ ಅದು ಮತ್ತೆ ತಲೆ ಎತ್ತಿತು. ಜೂನ್ 28ರಂದು ಐದನೇ ಸುತ್ತಿನಲ್ಲಿ ಇಟಲಿ ಮತ್ತು ನೆದರ್‌ಲ್ಯಾಂಡ್ಸ್‌ಗೆ ತಲಾ 95 ಮತ. ಎರಡೂ ಯುರೋಪಿಯನ್ ಒಕ್ಕೂಟದ ಸ್ಥಾಪಕ ದೇಶಗಳ ಸಾಲಿನವು. ಬ್ರಿಟನ್ ಜನ ಒಕ್ಕೂಟದಿಂದ ಹೊರಬರಲು ಮತ ಹಾಕಿ ಇನ್ನೂ ವಾರ ತುಂಬಿರಲಿಲ್ಲ. ಎರಡೂ ದೇಶಗಳ ವಿದೇಶಾಂಗ ಸಚಿವರಾದ ಪಾವ್ಲೊ ಜೆಂಟಿಲೋನಿ ಮತ್ತು ಬೆರ್ಟ್ ಕೂಂಡರ್ಸ್ ಅವಧಿಯನ್ನು ಹಂಚಿಕೊಳ್ಳುವುದಾಗಿ ಪ್ರಕಟಿಸಿದರು. ಎರಡು ದಿನಗಳ ಬಳಿಕ ಇಟಲಿಯೊಂದಕ್ಕೇ ಮತದಾನ ನಡೆದು 179 ಮತ ಬಂತು.

ಸನ್ನದು ಹೇಳುವುದು ಎರಡು ವರ್ಷ ಎಂದೇ. ಆದ್ದರಿಂದ ಹಂಚಿಕೆ ಸನ್ನದಿನ ಹೊರಗಿನ ಮಾತುಕತೆ. ಇಟಲಿ ಎರಡು ವರ್ಷಕ್ಕೆ ಆಯ್ಕೆಯಾಗಿ, 2017ರ ಕೊನೆಗೆ ತಾನಾಗಿ ಸ್ಥಾನ ತೆರವು ಮಾಡಿತು. ಉಳಿದ ವರ್ಷಕ್ಕೆ ನಡೆದ ಉಪಚುನಾವಣೆಯಲ್ಲಿ ನೆದರ್‌ಲ್ಯಾಂಡ್ಸ್ ಗೆದ್ದಿತು.

ನನಗೆ ಈ ಪರಿಹಾರ ಸಮಾಧಾನ ತರುವುದಿಲ್ಲ. ಮಂಡಳಿಯ ಒಳಕೆಲಸ, ನಿರ್ಬಂಧ ಸಮಿತಿಗಳ ಕಡತ, ಕರಡು ತಿದ್ದುವ ರೂಢಿಗಳನ್ನು ಕಲಿಯುವಷ್ಟರಲ್ಲೇ ಒಂದು ವರ್ಷ ಕಳೆದಿರುತ್ತದೆ. ಅನುಭವ ಬಂದ ಹೊತ್ತಿಗೆ ಗಂಟುಮೂಟೆ ಕಟ್ಟಿದರೆ, ನಷ್ಟ ಕಾಯಂ ಐವರಿಗಲ್ಲ, ಅವರ ಎದುರು ತೂಕ ಹೊಂದಿಸಬೇಕಾದ ಚುನಾಯಿತ ಹತ್ತರ ಬಣಕ್ಕೆ.

ಯಾವಾಗಲೂ ಮೂರನೆಯವರೇ ಬರಬೇಕೆ? ಒಬ್ಬರು ಸುಮ್ಮನೆ ಹಿಂದೆ ಸರಿದ ಉದಾಹರಣೆ ಇಲ್ಲವೇ?

ಬೇಕಾದಷ್ಟಿವೆ. 2011ರಲ್ಲಿ ಪೂರ್ವ ಯುರೋಪಿನ ಸ್ಥಾನಕ್ಕೆ ಅಜರ್‌ಬೈಜಾನ್ ಮತ್ತು ಸ್ಲೊವೇನಿಯಾ ಸೆಣಸಿದವು. 16 ಸುತ್ತುಗಳ ಬಳಿಕ ಸ್ಲೊವೇನಿಯಾ ಹಿಂದೆ ಸರಿಯಿತು, 17ನೇ ಸುತ್ತಿನಲ್ಲಿ ಅಜರ್‌ಬೈಜಾನ್ 155 ಮತಗಳಿಂದ ಗೆದ್ದಿತು. 2010ರಲ್ಲಿ ಕೆನಡಾ ಎರಡನೇ ಸುತ್ತಾದ ಮೇಲೆ ಪೋರ್ಚುಗಲ್‌ಗೆ ದಾರಿ ಬಿಟ್ಟಿತು.

ಹಿಂದೆ ಸರಿಯದೆಯೂ ಬೇಗ ಮುಗಿಯಬಹುದು. 2020ರಲ್ಲಿ ಕೀನ್ಯಾಗೆ ಮೊದಲ ಸುತ್ತಿನಲ್ಲಿ 113, ಜಿಬೂಟಿಗೆ 78. ಮರುದಿನ ಕೀನ್ಯಾ 129ಕ್ಕೇರಿತು, ಬೇಕಾದದ್ದು 128.

ಕಗ್ಗಂಟಿನಲ್ಲಿ ಸೋತ ದೇಶಗಳು ಮುಂದೆ ಏನಾದವು?

ಬಹುತೇಕ ದೇಶಗಳು ಮತ್ತೆ ಬಂದವು. ಗ್ವಾಟೆಮಾಲಾ 2011ರಲ್ಲಿ ಮೊದಲ ಬಾರಿಗೆ ಆಯ್ಕೆಯಾಯಿತು. ವೆನೆಜುವೆಲಾ 2014ರಲ್ಲಿ 181 ಮತ ಪಡೆಯಿತು. ಸ್ಲೊವೇನಿಯಾ 2023ರಲ್ಲಿ ಬೆಲಾರುಸ್ ವಿರುದ್ಧ 153–38ರಿಂದ ಗೆದ್ದಿತು.

ಇವೆಲ್ಲಕ್ಕಿಂತ ಅಚ್ಚರಿ ಹುಟ್ಟಿಸುವುದು 1990. ಹತ್ತು ವರ್ಷದ ಹಿಂದೆ ಒಬ್ಬರನ್ನೊಬ್ಬರು 154 ಸುತ್ತು ತಡೆದಿದ್ದ ಕ್ಯೂಬಾ ಮತ್ತು ಕೊಲಂಬಿಯಾ ಆ ವರ್ಷ ಮಂಡಳಿಯಲ್ಲಿ ಒಟ್ಟಿಗೆ ಕುಳಿತಿದ್ದವು. ಕುವೈತ್ ಬಿಡಿಸಲು ಬಲ ಬಳಸಲು ಅನುಮತಿಸಿದ 678ನೇ ನಿರ್ಣಯಕ್ಕೆ ನವೆಂಬರ್‌ನಲ್ಲಿ ಕೊಲಂಬಿಯಾ ಪರವಾಗಿ ಮತ ಹಾಕಿದರೆ, ಯೆಮೆನ್ ಜೊತೆ ಕ್ಯೂಬಾ ವಿರುದ್ಧ ಮತ ಹಾಕಿತು.

ಭಾರತ ಇಂಥ ಪೇಚಿಗೆ ಸಿಲುಕಿದೆಯೇ?

ಸಿಲುಕಿದೆ. ಸ್ವಾತಂತ್ರ್ಯ ಬಂದ 1947ರಲ್ಲೇ ಉಕ್ರೇನ್ ಸೋವಿಯತ್ ಗಣರಾಜ್ಯದ ಎದುರು ಹಲವು ಸುತ್ತುಗಳ ಬಳಿಕ ಭಾರತ ಕಣದಿಂದ ಹಿಂದೆ ಸರಿಯಿತು. 1975ರಲ್ಲಿ ಏಷ್ಯಾದ ಸ್ಥಾನಕ್ಕೆ ಪಾಕಿಸ್ತಾನದೊಂದಿಗೆ ಸ್ಪರ್ಧೆ ಏರ್ಪಟ್ಟು, ಸ್ಥಾನ ಪಾಕಿಸ್ತಾನಕ್ಕೆ ಹೋಯಿತು. 1996ರಲ್ಲಿ ಕಗ್ಗಂಟೇನೂ ಆಗಲಿಲ್ಲ, ಜಪಾನ್ 142, ಭಾರತ 40. ಆ ಸೋಲಿನ ಬಳಿಕ ಭಾರತ ಪೈಪೋಟಿಯ ಬದಲು ಮೊದಲೇ ಒಮ್ಮತ ಕೂಡಿಸುವ ದಾರಿ ಹಿಡಿಯಿತು. 2010ರಲ್ಲಿ 187 ಮತ, 2020ರಲ್ಲಿ 184 ಮತ. 2019ರಲ್ಲಿ ಪಾಕಿಸ್ತಾನ, ಚೀನಾ ಸೇರಿದಂತೆ ಏಷ್ಯಾ ಪೆಸಿಫಿಕ್ ಗುಂಪು ಒಮ್ಮತದಿಂದ ಭಾರತವನ್ನು ಬೆಂಬಲಿಸಿತ್ತು.

ಇನ್ನೂ ಆಳಕ್ಕೆ ಇಳಿಯುವವರಿಗೆ

ಜನವರಿ 1 ಬಂದರೂ ಇತ್ಯರ್ಥವಾಗದಿದ್ದರೆ ಮಂಡಳಿಯ ಕೆಲಸ ನಿಲ್ಲುತ್ತದೆಯೇ?

1980ರ ಜನವರಿ ಮೊದಲ ವಾರ ಇದಕ್ಕೆ ಉತ್ತರ. 15ನೇ ಸ್ಥಾನ ಖಾಲಿಯಿತ್ತು. ಸನ್ನದಿನ 23ನೇ ವಿಧಿ ಮಂಡಳಿಯಲ್ಲಿ 15 ಸದಸ್ಯರಿರುತ್ತಾರೆ ಎನ್ನುತ್ತದೆ. 14 ಜನರಿರುವ ಮಂಡಳಿ ಮಂಡಳಿಯೇ ಅಲ್ಲ ಎಂದು ವಾದಿಸಲು ಅವಕಾಶವಿತ್ತು. ಆದರೆ ಅಫ್ಘಾನಿಸ್ತಾನದ ವಿಷಯ ಕಾಯುವಂಥದ್ದಾಗಿರಲಿಲ್ಲ. ಮಂಡಳಿ 14 ಸದಸ್ಯರೊಂದಿಗೇ ಸಭೆ ಸೇರಿತು. ನಿರ್ಣಯಕ್ಕೆ ಬೇಕಾದದ್ದು ಒಂಬತ್ತು ಮತ, ಅದು 14ರಲ್ಲೂ ಸಿಗಬಹುದು ಎಂಬುದು ವ್ಯವಹಾರದ ಉತ್ತರ.

ಈಗ ಈ ಭಯ ಕಡಿಮೆಯಾಗಿದೆ. ಅಕ್ಟೋಬರ್ ಸುಮಾರಿಗೆ ನಡೆಯುತ್ತಿದ್ದ ಚುನಾವಣೆಯನ್ನು 2016ರಿಂದ ಜೂನ್‌ಗೆ ತರಲಾಗಿದೆ. ಗಂಟು ಬಿದ್ದರೂ ಬಿಡಿಸಲು ಆರು ತಿಂಗಳಿದೆ.

ಲ್ಯಾಟಿನ್ ಅಮೆರಿಕದಲ್ಲೇ ಇಷ್ಟು ದೊಡ್ಡ ಜಗಳಗಳಾದದ್ದು ಏಕೆ? ಆಫ್ರಿಕಾದಲ್ಲಿ ಕಾಣುವುದಿಲ್ಲವಲ್ಲ?

ಆಫ್ರಿಕಾ ತನ್ನೊಳಗೇ ಉಪಪ್ರದೇಶಗಳ ನಡುವೆ ಸರದಿ ಇಟ್ಟುಕೊಂಡು, ಆಫ್ರಿಕನ್ ಒಕ್ಕೂಟದ ಮೂಲಕ ಹೆಸರುಗಳನ್ನು ಮೊದಲೇ ತೀರ್ಮಾನಿಸುತ್ತದೆ. 2020ರಲ್ಲಿ ಒಕ್ಕೂಟ ಕೀನ್ಯಾವನ್ನು ಬೆಂಬಲಿಸಿದ್ದನ್ನು ಜಿಬೂಟಿ ಒಪ್ಪದೆ ಕಣಕ್ಕಿಳಿದದ್ದರಿಂದಲೇ ಅಲ್ಲಿ ಸ್ಪರ್ಧೆ ನಡೆಯಿತು. ಲ್ಯಾಟಿನ್ ಅಮೆರಿಕಕ್ಕೆ ವರ್ಷಕ್ಕೆ ತೆರವಾಗುವುದು ಒಂದೇ ಸ್ಥಾನ, ಜೊತೆಗೆ ನೆತ್ತಿಯ ಮೇಲೆ ಅಮೆರಿಕ. ಒಂದೇ ಸ್ಥಾನಕ್ಕೆ ಎರಡು ಸಿದ್ಧಾಂತಗಳು ಎದುರಾದರೆ ಒಬ್ಬರಿಗೆ ಇದು, ಇನ್ನೊಬ್ಬರಿಗೆ ಅದು ಎಂದು ಸಮಾಧಾನ ಮಾಡಲು ಏನೂ ಉಳಿದಿರುವುದಿಲ್ಲ. 2006ರ ಬಳಿಕ ಆ ಗುಂಪೂ ಒಪ್ಪಿತ ಅಭ್ಯರ್ಥಿಗಳ ಕಡೆಗೆ ವಾಲಿತು.

ಆದರೆ ಒಪ್ಪಿತ ಪಟ್ಟಿಗೆ ಬೆಲೆ ತೆರಬೇಕಾಗುತ್ತದೆ. ಮಹಾಸಭೆಗೆ ಆಯ್ಕೆಯೇ ಉಳಿಯುವುದಿಲ್ಲ, ಗುಂಪಿನ ಒಳಚೌಕಾಸಿಯೇ ಚುನಾವಣೆಯಾಗಿಬಿಡುತ್ತದೆ. ಕಣದಲ್ಲಿ ಇಬ್ಬರಿರುವುದನ್ನೇ ನಾನು ಬಯಸುತ್ತೇನೆ, ಸುತ್ತುಗಳು ಎಷ್ಟಾದರೂ ಚಿಂತೆಯಿಲ್ಲ.

ಅಂತಾರಾಷ್ಟ್ರೀಯ ನ್ಯಾಯಾಲಯದ ಚುನಾವಣೆಯಲ್ಲೂ ಹೀಗೇ ಆಗಿತ್ತಲ್ಲ? ದಲ್ವೀರ್ ಭಂಡಾರಿ ಅವರ ಕಥೆ?

ಅಲ್ಲಿನ ಗಂಟಿನ ರೀತಿ ಬೇರೆ. ನ್ಯಾಯಾಧೀಶರು ಮಹಾಸಭೆ ಮತ್ತು ಭದ್ರತಾ ಮಂಡಳಿ ಎರಡರಲ್ಲೂ ಏಕಕಾಲಕ್ಕೆ ಸ್ಪಷ್ಟ ಬಹುಮತ ಪಡೆಯಬೇಕು: ಒಂದು ಕಡೆ 97, ಇನ್ನೊಂದು ಕಡೆ 8. ಈ ಚುನಾವಣೆಯಲ್ಲಿ ವಿಟೋ ಇಲ್ಲ. 2017ರ ನವೆಂಬರ್‌ನಲ್ಲಿ ಕೊನೆಯ ಸ್ಥಾನಕ್ಕೆ ಭಾರತದ ಭಂಡಾರಿ ಮತ್ತು ಬ್ರಿಟನ್‌ನ ಕ್ರಿಸ್ಟೊಫರ್ ಗ್ರೀನ್‌ವುಡ್ ಉಳಿದರು. ಮಹಾಸಭೆ ಭಂಡಾರಿ ಪರ, ಮಂಡಳಿ ಗ್ರೀನ್‌ವುಡ್ ಪರ. ಎರಡು ಸದನಗಳೂ ಪಟ್ಟು ಬಿಡಲಿಲ್ಲ. ನವೆಂಬರ್ 20ರಂದು ಬ್ರಿಟನ್ ತನ್ನ ಅಭ್ಯರ್ಥಿಯನ್ನು ಹಿಂತೆಗೆದುಕೊಂಡಿತು. 1946ರಲ್ಲಿ ನ್ಯಾಯಾಲಯ ಆರಂಭವಾದಾಗಿನಿಂದ ಬ್ರಿಟಿಷ್ ನ್ಯಾಯಾಧೀಶರಿಲ್ಲದ ಪೀಠ ಅದೇ ಮೊದಲು.

ಗಮನಿಸಬೇಕಾದ ಒಂದು ವಿಷಯ: ನ್ಯಾಯಾಲಯದ ಶಾಸನದ 12ನೇ ವಿಧಿಯಲ್ಲಿ ಕಗ್ಗಂಟಿಗೆ ಸಿದ್ಧ ಔಷಧಿ ಇದೆ. ಮೂರು ಸಭೆಗಳಲ್ಲಿ ಇತ್ಯರ್ಥವಾಗದಿದ್ದರೆ ಎರಡೂ ಕಡೆಯಿಂದ ಮೂವರಂತೆ ಆರು ಜನರ ಜಂಟಿ ಸಮಿತಿ ರಚಿಸಬಹುದು. ಅದೂ ಸೋತರೆ ಈಗಾಗಲೇ ಆಯ್ಕೆಯಾದ ನ್ಯಾಯಾಧೀಶರೇ ಉಳಿದ ಸ್ಥಾನ ತುಂಬುತ್ತಾರೆ, ಅವರಲ್ಲೂ ಮತ ಸಮವಾದರೆ ವಯಸ್ಸಿನಲ್ಲಿ ಅತ್ಯಂತ ಹಿರಿಯರ ಮತವೇ ನಿರ್ಣಾಯಕ. ಭದ್ರತಾ ಮಂಡಳಿಯ ಚುನಾವಣೆಗೆ ಇಂಥ ಕೊನೆಯ ಮೆಟ್ಟಿಲನ್ನು ಯಾರೂ ಕಟ್ಟಲಿಲ್ಲ.

ಮಹಾಕಾರ್ಯದರ್ಶಿ ಆಯ್ಕೆಯಲ್ಲೂ ಬಿಕ್ಕಟ್ಟು ಆಗಿದೆಯೇ?

1981ರಲ್ಲಿ ಆಗಿತ್ತು. ಮೂರನೇ ಅವಧಿ ಬಯಸಿದ ಕುರ್ಟ್ ವಾಲ್ಡ್‌ಹೈಮ್‌ಗೆ ಚೀನಾ ಪ್ರತಿ ಸುತ್ತಿನಲ್ಲೂ ವಿಟೋ ಹಾಕಿತು, ಎದುರಾಳಿ ತಾಂಜಾನಿಯಾದ ಸಲೀಂ ಅಹ್ಮದ್ ಸಲೀಂಗೆ ಅಮೆರಿಕ ಅಡ್ಡ ನಿಂತಿತು. 16 ಸುತ್ತುಗಳು ವ್ಯರ್ಥವಾದವು. ಡಿಸೆಂಬರ್‌ನಲ್ಲಿ ಮಂಡಳಿಯ ಅಧ್ಯಕ್ಷರಾಗಿದ್ದ ಉಗಾಂಡಾದ ಒಲಾರಾ ಒಟುನ್ನು ಇಬ್ಬರನ್ನೂ ಪಕ್ಕಕ್ಕೆ ಸರಿಯುವಂತೆ ಒಪ್ಪಿಸಿದರು, ಪೆರುವಿನ ಹವಿಯೆರ್ ಪೆರೆಸ್ ದೆ ಕ್ವೆಯರ್ ಆಯ್ಕೆಯಾದರು. 1979ರಲ್ಲಿ ಕ್ಯೂಬಾ ಮತ್ತು ಕೊಲಂಬಿಯಾದ ಸುತ್ತುಗಳು ನಡೆಯುತ್ತಿದ್ದಾಗ ಮಹಾಸಭೆಯ ಅಧ್ಯಕ್ಷ ಪೀಠದಲ್ಲಿದ್ದವರು ಇದೇ ಸಲೀಂ.

ಸುತ್ತುಗಳ ಅಂಕಿ ನೋಡಿ ಕಗ್ಗಂಟು ಎತ್ತ ಸಾಗುತ್ತಿದೆ ಎಂದು ಹೇಳುವುದು ಹೇಗೆ?

ಮೊದಲು ಮುಂದಿರುವವರಿಗೂ ಬೇಕಾದ ಬಹುಮತಕ್ಕೂ ಇರುವ ಅಂತರ ನೋಡಿ. 2020ರಲ್ಲಿ ಕೀನ್ಯಾಗೆ ಬೇಕಿದ್ದದ್ದು ಇನ್ನು 15 ಮತ, ಎದುರಾಳಿ 78ರಲ್ಲಿದ್ದ. ಅದು ಬೇಗ ಮುಗಿಯುವ ಲಕ್ಷಣ. ಎರಡನೆಯವರು ಮೂರನೇ ಒಂದರ ಗೆರೆಗಿಂತ ಮೇಲೆ ಗಟ್ಟಿಯಾಗಿ ಕೂತು, ಹತ್ತು ಸುತ್ತಾದರೂ ನಾಲ್ಕೈದು ಮತಕ್ಕಿಂತ ಹೆಚ್ಚು ಅಲುಗಾಡದಿದ್ದರೆ ಅವರ ಹಿಂದೆ ಇರುವುದು ಚದುರಿದ ಬೆಂಬಲವಲ್ಲ, ತೀರ್ಮಾನಿಸಿಕೊಂಡ ಗುಂಪು.

ನಡೆಯುತ್ತಿರುವುದು ಮುಕ್ತ ಸುತ್ತೋ ನಿರ್ಬಂಧಿತ ಸುತ್ತೋ ಎಂದು ಆಮೇಲೆ ನೋಡಿ. ಮುಕ್ತ ಸುತ್ತಿನಲ್ಲಿ ಮೂರನೇ ದೇಶವೊಂದಕ್ಕೆ ಬಿಡಿ ಮತಗಳು ಬೀಳತೊಡಗಿದರೆ ಯಾರೋ ಒಂದು ಹೆಸರನ್ನು ತೇಲಿಬಿಟ್ಟಿರಬಹುದು. ಕೊನೆಯದಾಗಿ ದಿನದರ್ಶಿ. 2006ರಲ್ಲಿ ಮೊದಲ ಎರಡು ದಿನ ಬಿಡುವಿಲ್ಲದೆ 22 ಸುತ್ತು ನಡೆದವು. ಆಮೇಲೆ ಒಂದು ದಿನ ಬಿಟ್ಟು, ಬಳಿಕ ಆರು ದಿನಗಳ ಅಂತರದಲ್ಲಿ ಎರಡು ಸಲ. ಅಕ್ಟೋಬರ್ 31ರ 47ನೇ ಸುತ್ತಿಗೂ ಪನಾಮ ಗೆದ್ದ ಸುತ್ತಿಗೂ ನಡುವೆ ಒಂದು ವಾರವೇ ಇತ್ತು, ಸಚಿವರಿಬ್ಬರು ಕುಳಿತು ಮಾತನಾಡಿದ್ದು ಆ ವಾರದಲ್ಲೇ.